ಈಸ್ಟ್‌ಮನ್ ಪ್ರಕರಣ: ತನ್ನದೇ ಗೆಲುವನ್ನು ಪರಿಶೀಲಿಸಿದಾಗ ಅಭಿಯೋಜನಾ ಕಚೇರಿ

ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದಲ್ಲಿ ಮೂರು ದಶಕಗಳ ಕಾಲ ನಡೆದ ಡೇವಿಡ್ ಈಸ್ಟ್‌ಮನ್ ಪ್ರಕರಣವು ಒಂದು ಕಠಿಣ ಪ್ರಶ್ನೆಯನ್ನು ಮುಂದಿಟ್ಟಿತು. ಕೊಲೆ ಮೊಕದ್ದಮೆಯಲ್ಲಿ ಶಿಕ್ಷೆ ಕೊಡಿಸಿದ ಸರ್ಕಾರಿ ಅಭಿಯೋಜನಾ ಕಚೇರಿಯು, ಅದೇ ಶಿಕ್ಷೆಯ ಸಿಂಧುತ್ವವನ್ನು ಪರಿಶೀಲಿಸುವ ವಿಚಾರಣಾ ಮಂಡಳಿಯ ಮುಂದೆ ಹೇಗೆ ವರ್ತಿಸಬೇಕು? ಗೆಲುವನ್ನು ಕಾಪಾಡಿಕೊಳ್ಳಬೇಕೋ, ಸತ್ಯಶೋಧನೆಗೆ ನೆರವಾಗಬೇಕೋ?

1989ರ ಜನವರಿ 10ರ ರಾತ್ರಿ, ಆಸ್ಟ್ರೇಲಿಯಾ ಫೆಡರಲ್ ಪೊಲೀಸ್ ಸಹಾಯಕ ಆಯುಕ್ತ ಕಾಲಿನ್ ವಿಂಚೆಸ್ಟರ್ ಅವರನ್ನು ಡೀಕಿನ್ ಬಡಾವಣೆಯ ಅವರ ಮನೆಯ ಬಳಿ ತಲೆಗೆ ಗುಂಡಿಕ್ಕಿ ಕೊಲ್ಲಲಾಯಿತು. ಖಜಾನೆ ಇಲಾಖೆಯ ಮಾಜಿ ಅಧಿಕಾರಿ ಈಸ್ಟ್‌ಮನ್ ಮೇಲೆ ಸಂಶಯ ಮೂಡಿತು. ತಮ್ಮ ವಿರುದ್ಧದ ಹಲ್ಲೆ ಆರೋಪವನ್ನು ಪೊಲೀಸರು ಕೈಬಿಡಲಿಲ್ಲ, ಇದರಿಂದ ಸರ್ಕಾರಿ ಸೇವೆಗೆ ಮರಳುವ ದಾರಿ ಮುಚ್ಚಿತು ಎಂಬ ಕೋಪ ಅವರಿಗಿತ್ತು ಎಂಬುದು ಪ್ರಾಸಿಕ್ಯೂಷನ್ ವಾದ. 1992ರ ಡಿಸೆಂಬರ್‌ನಲ್ಲಿ ಬಂಧನ, 1995ರ ನವೆಂಬರ್‌ನಲ್ಲಿ ಜೀವಾವಧಿ ಶಿಕ್ಷೆ. ಕೃತ್ಯಕ್ಕೆ ಬಳಸಿದ ಬಂದೂಕು ಸಿಕ್ಕಿರಲಿಲ್ಲ. ಹೀಗಾಗಿ ಈಸ್ಟ್‌ಮನ್ ಕಾರಿನಲ್ಲಿ ದೊರೆತ ಸಿಡಿಮದ್ದಿನ ಕಣಗಳು ಕೊಲೆಯ ಸ್ಥಳದಲ್ಲಿ ದೊರೆತವುಗಳನ್ನು ಹೋಲುತ್ತವೆ ಎಂಬ ವಿಧಿವಿಜ್ಞಾನ ತಜ್ಞರ ಸಾಕ್ಷ್ಯಕ್ಕೆ ವಿಶೇಷ ತೂಕ ಬಂದಿತ್ತು. ಆರೋಪಿಯೋ, ತಮ್ಮ ವಕೀಲರನ್ನು ಮೇಲಿಂದ ಮೇಲೆ ವಜಾ ಮಾಡುತ್ತ, ಬಹುಕಾಲ ವಕೀಲರಿಲ್ಲದೆಯೇ ಕಟಕಟೆಯಲ್ಲಿದ್ದರು. ಆ ಸಾಕ್ಷ್ಯವನ್ನು ಸರಿಯಾಗಿ ಪಾಟೀಸವಾಲಿಗೆ ಒಡ್ಡುವವರೇ ಇರಲಿಲ್ಲ ಎಂದರೂ ತಪ್ಪಾಗದು.

ಮೇಲ್ಮನವಿಗಳು ತಿರಸ್ಕೃತವಾದವು, 2000ದಲ್ಲಿ ಆಸ್ಟ್ರೇಲಿಯಾದ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ ಕೂಡ ಮಣಿಯಲಿಲ್ಲ. ಆದರೆ ಮೇಲ್ಮನವಿಯ ದಾರಿ ಮುಗಿದ ಬಳಿಕವೂ, ಶಿಕ್ಷೆಯ ಬಗ್ಗೆ ಸಂಶಯವಿದ್ದಲ್ಲಿ ಪ್ರತ್ಯೇಕ ವಿಚಾರಣೆಗೆ ಆದೇಶಿಸಲು ಅಲ್ಲಿನ ಅಪರಾಧ ಕಾನೂನಿನಲ್ಲಿ ಅವಕಾಶವಿತ್ತು. 2001ರಲ್ಲಿ, ಮೊಕದ್ದಮೆ ಎದುರಿಸುವಷ್ಟು ಮಾನಸಿಕ ಸ್ವಾಸ್ಥ್ಯ ಈಸ್ಟ್‌ಮನ್‌ಗೆ ಇತ್ತೇ ಎಂಬುದನ್ನು ಪರಿಶೀಲಿಸಲು ಇಂಥ ಆದೇಶ ಹೊರಟಿತು. ಅಭಿಯೋಜನಾ ನಿರ್ದೇಶಕರು ಆ ಆದೇಶವನ್ನೇ ಪ್ರಶ್ನಿಸಿದರು. ವಿವಾದ ಹೈಕೋರ್ಟ್ ಮೆಟ್ಟಿಲೇರಿ, 2003ರಲ್ಲಿ ಈಸ್ಟ್‌ಮನ್ ಪರ ಇತ್ಯರ್ಥವಾಯಿತು. ಅವರು ಸ್ವಸ್ಥರಾಗಿದ್ದರು ಎಂದು 2005ರ ವರದಿ ಹೇಳಿದ್ದು ಬೇರೆ ಮಾತು.

ನಿಜವಾದ ಪರೀಕ್ಷೆ ಎದುರಾದದ್ದು 2012ರ ಎರಡನೆಯ ಆದೇಶದ ನಂತರ. ನಾರ್ದರ್ನ್ ಟೆರಿಟರಿಯ ಮಾಜಿ ಮುಖ್ಯ ನ್ಯಾಯಮೂರ್ತಿ ಬ್ರಯಾನ್ ಮಾರ್ಟಿನ್ ಮಂಡಳಿಯ ಹೊಣೆ ಹೊತ್ತರು. ವಿಧಿವಿಜ್ಞಾನ ಸಾಕ್ಷ್ಯ ಒಂದೊಂದಾಗಿ ಕುಸಿಯುತ್ತಿದ್ದಾಗ, ಮಂಡಳಿಯ ಅಧಿಕಾರ ವ್ಯಾಪ್ತಿಯನ್ನೇ ಪ್ರಶ್ನಿಸಿ ಅಭಿಯೋಜನಾ ಕಚೇರಿ 2014ರಲ್ಲಿ ಸುಪ್ರೀಂ ಕೋರ್ಟ್‌ಗೆ ಹೋಯಿತು. (ಅಲ್ಲಿ ಸುಪ್ರೀಂ ಕೋರ್ಟ್ ಎಂದರೆ ಪ್ರಾಂತ್ಯದ ನ್ಯಾಯಾಲಯ, ನಮ್ಮ ಕ್ರಮಕ್ಕೆ ತಿರುವುಮುರುವು.) ಅರ್ಜಿ ವಜಾಗೊಂಡಿತು. ಕಾನೂನಿನ ಅಂಶ ಎತ್ತುವ ಹಕ್ಕು ಯಾವ ಕಚೇರಿಗೂ ಇದೆ; ಆದರೆ ಸಾಕ್ಷ್ಯಗಳು ಬಯಲಾಗುತ್ತಿರುವ ಹೊತ್ತಿನಲ್ಲಿ ಬಾಗಿಲು ಮುಚ್ಚಿಸಲು ಹೊರಡುವುದು ಸರ್ಕಾರಿ ಅಭಿಯೋಜಕರ ಘನತೆಗೆ ಒಪ್ಪುವಂಥದಲ್ಲ.

2014ರ ಮೇ ತಿಂಗಳಲ್ಲಿ ಬಹಿರಂಗವಾದ ಮಾರ್ಟಿನ್ ವರದಿ ಯಾರನ್ನೂ ಪೂರ್ತಿ ಸಮಾಧಾನಪಡಿಸಲಿಲ್ಲ. ಈಸ್ಟ್‌ಮನ್ ಅಪರಾಧಿ ಎಂಬುದೇ ತಮಗೆ ಬಹುಮಟ್ಟಿಗೆ ಖಚಿತವೆಂದರೂ ಸಂಶಯವೊಂದು ಕಾಡುತ್ತಲೇ ಇದೆ ಎಂದು ಮಾರ್ಟಿನ್ ಬರೆದರು. ತಜ್ಞರ ಸಾಕ್ಷ್ಯ ತೀವ್ರ ದೋಷಪೂರಿತ. ಸಂಬಂಧಿತ ಮಾಹಿತಿಯನ್ನೆಲ್ಲ ಆರೋಪಿಗೆ ಒದಗಿಸುವ ಕರ್ತವ್ಯದಲ್ಲಿ ಪ್ರಾಸಿಕ್ಯೂಷನ್ ಎಡವಿತ್ತು. ಖುಲಾಸೆಯ ನ್ಯಾಯಯುತ ಅವಕಾಶ ಆರೋಪಿಯ ಕೈತಪ್ಪಿತ್ತು. ಶಿಕ್ಷೆ ರದ್ದಾಗಬೇಕು, ಮರುವಿಚಾರಣೆ ಕಾರ್ಯಸಾಧ್ಯವಲ್ಲ ಎಂಬುದು ಅವರ ಶಿಫಾರಸು. ಆಗಸ್ಟ್ 22ರಂದು ಪೂರ್ಣಪೀಠ ಶಿಕ್ಷೆಯನ್ನು ರದ್ದುಗೊಳಿಸಿತಾದರೂ ಮರುವಿಚಾರಣೆಗೆ ಆದೇಶಿಸಿತು. ಸುಮಾರು 19 ವರ್ಷ ಸೆರೆಯಲ್ಲಿದ್ದ ಈಸ್ಟ್‌ಮನ್ ಅಂದೇ ಜಾಮೀನಿನ ಮೇಲೆ ಹೊರಬಂದರು.

ಹಟ ಹಿಡಿಯುವುದೊಂದೇ ದಾರಿಯೆಂದೇನೂ ಇಲ್ಲ. ನೆರೆಯ ನ್ಯೂ ಸೌತ್ ವೇಲ್ಸ್‌ನಲ್ಲಿ, ತನ್ನ ನಾಲ್ಕು ಮಕ್ಕಳ ಸಾವಿಗೆ ಸಂಬಂಧಿಸಿ 2003ರಲ್ಲಿ ಶಿಕ್ಷೆಗೊಳಗಾದ ಕ್ಯಾಥ್ಲೀನ್ ಫೋಲ್ಬಿಗ್ ಪ್ರಕರಣದ ಎರಡನೆಯ ವಿಚಾರಣೆಯಲ್ಲಿ, ಅಪರಾಧದ ಬಗ್ಗೆ ಸಮಂಜಸ ಸಂಶಯವಿದೆ ಎಂಬ ತೀರ್ಮಾನಕ್ಕೆ ಬರಲು ಅವಕಾಶವಿದೆಯೆಂದು ಅಲ್ಲಿನ ಅಭಿಯೋಜನಾ ನಿರ್ದೇಶಕರ ವಕೀಲರೇ 2023ರ ಏಪ್ರಿಲ್‌ನಲ್ಲಿ ಒಪ್ಪಿಕೊಂಡರು. ಜೂನ್‌ನಲ್ಲಿ ಆಕೆಗೆ ಕ್ಷಮಾದಾನ ದೊರೆಯಿತು. ಡಿಸೆಂಬರ್‌ನಲ್ಲಿ ಶಿಕ್ಷೆ ರದ್ದಾಯಿತು. ಹೊಸ ಅನುವಂಶಿಕ ಸಾಕ್ಷ್ಯವನ್ನು ಎದುರಿಗಿಟ್ಟುಕೊಂಡು ಕಚೇರಿ ತನ್ನ ಹಳೆಯ ವಾದದಿಂದ ಹಿಂದೆ ಸರಿದಿತ್ತು.

ಕ್ಯಾನ್‌ಬೆರಾದ ಕಚೇರಿ ಮಾತ್ರ ಮರುವಿಚಾರಣೆಯನ್ನೇ ಆರಿಸಿಕೊಂಡಿತು. ಇಪ್ಪತ್ತೊಂಬತ್ತು ವರ್ಷ ಹಳೆಯ ಘಟನೆಯ ಬಗ್ಗೆ 2018ರಲ್ಲಿ ಹೊಸ ಜ್ಯೂರಿಯ ಮುಂದೆ ತಿಂಗಳುಗಟ್ಟಲೆ ವಾದ ನಡೆದು, ನವೆಂಬರ್ 22ರಂದು ಈಸ್ಟ್‌ಮನ್ ಖುಲಾಸೆಯಾದರು. ಮರುವರ್ಷ ನ್ಯಾಯಾಲಯ ಅವರಿಗೆ ಸುಮಾರು 70 ಲಕ್ಷ ಆಸ್ಟ್ರೇಲಿಯಾ ಡಾಲರ್ ಪರಿಹಾರ ವಿಧಿಸಿತು. ವಿಂಚೆಸ್ಟರ್ ಅವರನ್ನು ಕೊಂದವರು ಯಾರೆಂಬುದನ್ನು ಯಾವ ನ್ಯಾಯಾಲಯದ ತೀರ್ಪೂ ಈಗ ಹೇಳುವುದಿಲ್ಲ.