ಬಾಣನ ಕಾದಂಬರಿಯ ಸಂಧಿಸ್ಥಾನ

ಗ್ರಂಥಕರ್ತನು ತೀರಿಕೊಂಡ ತರುವಾಯ ಅವನ ಅರ್ಧಕೃತಿಯನ್ನು ಮತ್ತೊಬ್ಬರು ಪೂರ್ಣಗೊಳಿಸಿ ಪ್ರಕಟಿಸಿದರೆ, ಆ ಪೂರಣವನ್ನು ಕೃತಿಯ ಅಂಗವೆಂದು ಎಣಿಸಬೇಕೋ, ಬರಿಯ ಬಾಲವೆಂದು ಬಿಡಬೇಕೋ? ಈ ಪ್ರಶ್ನೆಯು ಕನ್ನಡಿಗರಿಗೆ ಪರಕೀಯವಾದುದಲ್ಲ. ನಾವು ನಿತ್ಯವೂ ಉಪಯೋಗಿಸುವ ‘ಕಾದಂಬರಿ’ ಎಂಬ ಶಬ್ದವೇ ಅಂಥದೊಂದು ಕೃತಿಯ ಹೆಸರಾಗಿರುತ್ತದೆ. ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಒಂದು ಕಥೆಯ ಹೆಸರು ಒಂದು ಸಾಹಿತ್ಯಪ್ರಕಾರಕ್ಕೇ ನಿಂತುಬಿಟ್ಟಿತು. ಆ ಕಥೆಯಾದರೋ ತಂದೆಯಿಂದ ಆರಂಭಗೊಂಡು ಮಗನಿಂದ ಮುಗಿದದ್ದು.

ಈ ಕಥೆಯನ್ನು ಹೊಸ ಕಾಲದ ಕನ್ನಡ ಗದ್ಯಕ್ಕೆ ತಂದವರು ಕಿತ್ತೂರು-ಬೈಲಹೊಂಗಲದ ಸೀಮೆಯವರೆಂಬದು ಗಮನಿಸತಕ್ಕ ಸಂಗತಿ. ಕಿತ್ತೂರು ಸಂಸ್ಥಾನವು ೧೮೨೪ರಲ್ಲಿ ಆಂಗ್ಲರೊಡನೆ ಕಾದಿ ಅಳಿಯಿತು. ರಾಣಿ ಚೆನ್ನಮ್ಮನು ೧೮೨೯ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ದೇಹವಿಟ್ಟಳು. ಈ ಎರಡು ವರ್ಷಗಳ ನಡುವೆ, ೧೮೨೭ರಲ್ಲಿ, ಗಂಗಾಧರ ಮಡಿವಾಳೇಶ್ವರ ತುರಮರಿಯವರು ಜನಿಸಿದರು. ಅವರ ಹೆಸರಿನಲ್ಲಿರುವ ತುರಮರಿ ಈ ಸೀಮೆಯ ಊರು. ಅವರು ೧೮೭೭ರಲ್ಲಿ ತೀರಿಕೊಂಡರು. ಅವರ ‘ಬಾಣ ಕಾದಂಬರಿ’ಯು ಬಾಳಿನ ಕಡೆಯ ವರ್ಷಗಳ ಫಲ. ಅದಕ್ಕೂ ಮುಂಚೆ, ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿಯೇ, ನಾಗವರ್ಮನು ಇದೇ ಕಥೆಯನ್ನು ‘ಕರ್ಣಾಟಕ ಕಾದಂಬರಿ’ಯೆಂಬ ಚಂಪುವಾಗಿ ರಚಿಸಿದ್ದನು. ಸಂಸ್ಕೃತದಲ್ಲಿ ಎರಡು ಕೈಗಳಿಂದಾದ ಕಥೆಯನ್ನು ಕನ್ನಡದಲ್ಲಿ ಒಬ್ಬನೇ ಕವಿಯು ಕೊನೆಯವರೆಗೆ ನಡೆಯಿಸಿದನು.

ಇನ್ನು ಮೂಲದ ಕಡೆಗೆ ಬರುವ. ಬಾಣನು ಏಳನೆಯ ಶತಮಾನದ ಪೂರ್ವಾರ್ಧದಲ್ಲಿ ಆಳಿದ ಹರ್ಷನ ಆಸ್ಥಾನದವನು. ಅವನು ಬರೆದ ಭಾಗವು ಒಂದು ಮಾತಿನ ನಡುವೆಯೇ ನಿಂತಿದೆ. ಪತ್ರಲೇಖೆಯು ಕಾದಂಬರಿಯ ವಿರಹವನ್ನು ಚಂದ್ರಾಪೀಡನಿಗೆ ತಿಳಿಸುತ್ತಿರುವಾಗ ಪೂರ್ವಭಾಗವು ಮುಗಿಯುವದು. ಮುಂದಿನದನ್ನು ಬರೆದವನು ಬಾಣನ ಮಗ. ಅವನನ್ನು ಭೂಷಣಭಟ್ಟನೆಂದೂ ಪುಲಿಂದನೆಂದೂ ಹೇಳುವರು. ತಂದೆಯು ಸ್ವರ್ಗಸ್ಥನಾದೊಡನೆ ಕಥೆಯೂ ಕಡಿದುಹೋದುದರಿಂದ ಸಜ್ಜನರಿಗಾದ ದುಃಖವನ್ನು ಕಂಡು ತಾನು ಇದಕ್ಕೆ ಕೈಯಿಕ್ಕಿದೆನೇ ಹೊರತು ಕವಿತ್ವದ ದರ್ಪದಿಂದಲ್ಲವೆಂದು ಅವನು ಉತ್ತರಭಾಗದ ಆದಿಯಲ್ಲಿಯೇ ವಿನಯದಿಂದ ನಿವೇದಿಸಿಕೊಂಡಿದ್ದಾನೆ.

ಶೈಲಿಯನ್ನು ಮಾತ್ರ ತೂಗುವ ಪಂಡಿತರು ಉತ್ತರಭಾಗವನ್ನು ಕಡಿಮೆಯೆಂದು ಎಣಿಸುವದುಂಟು. ಬಾಣನ ವರ್ಣನಾವೈಭವವು ಮಗನಲ್ಲಿಲ್ಲವೆಂಬದನ್ನು ಒಪ್ಪೋಣ. ಆದರೆ ಕಥೆಯ ಕಟ್ಟನ್ನು ವಿಚಾರಿಸಿದರೆ ಬೇರೊಂದು ನಿರ್ಣಯಕ್ಕೆ ಬರಬೇಕಾಗುವದು. ವಿದಿಶೆಯ ಶೂದ್ರಕರಾಜನ ಸಭೆಗೆ ಚಂಡಾಲಕನ್ಯೆಯೊಬ್ಬಳು ಗಿಳಿಯನ್ನು ತರುವಳು. ಗಿಳಿಯು ಬಲಗಾಲನ್ನೆತ್ತಿ ರಾಜನಿಗೆ ಜಯಕಾರ ಹೇಳುವದು. ಮಕ್ಕಳೂ ಮೈಮರೆತು ಕೇಳುವ ಈ ಅದ್ಭುತದ ಅರ್ಥವೇನು? ಆ ಗಿಳಿ ಯಾರು, ರಾಜನು ಯಾರು, ಕನ್ಯೆ ಯಾರು? ಬಾಣನ ಭಾಗವನ್ನೆಲ್ಲ ಓದಿದರೂ ಉತ್ತರ ದೊರೆಯುವದಿಲ್ಲ. ಗಿಳಿಯು ಪುಂಡರೀಕನ ಜನ್ಮಾಂತರವೆಂಬದೂ, ಶೂದ್ರಕನೂ ಚಂದ್ರಾಪೀಡನೂ ಚಂದ್ರನೇ ಎಂಬದೂ, ಚಂಡಾಲಕನ್ಯೆಯು ಪುಂಡರೀಕನ ತಾಯಿಯಾದ ಲಕ್ಷ್ಮಿಯೆಂಬದೂ, ಇಂದ್ರಾಯುಧವೆಂಬ ಕುದುರೆಯು ಕಪಿಂಜಲನೆಂಬದೂ ಮಗನ ಭಾಗದಲ್ಲಿಯೇ ಬಯಲಾಗುವವು. ಹೀಗೆ ಮೊದಲ ಪುಟದ ಒಗಟು ಕೊನೆಯ ಪುಟಗಳಲ್ಲಿ ಬಿಡುವದು.

ಇದೆಲ್ಲ ಮಗನ ಕಲ್ಪನೆಯೇ ಆಗಿರಬಾರದೇಕೆಂದು ಯಾರಾದರೂ ಕೇಳಬಹುದು. ಪೂರ್ವಭಾಗವೇ ಇದಕ್ಕೆ ಸಮಾಧಾನ ಹೇಳುವದು. ಗಿಳಿಮರಿಯನ್ನು ಕಂಡ ಜಾಬಾಲಿ ಮುನಿಯು, ಇದು ತನ್ನ ಅವಿನಯದ ಫಲವನ್ನೇ ಉಣ್ಣುತ್ತಿದೆಯೆಂದು ನುಡಿಯುವನು. ಪುಂಡರೀಕನು ಸತ್ತಾಗ ದಿವ್ಯಪುರುಷನೊಬ್ಬನು ಇಳಿದು ಬಂದು ದೇಹವನ್ನು ಒಯ್ಯುವನು, ಪುನಸ್ಸಮಾಗಮವಾಗುವದೆಂದು ಮಹಾಶ್ವೇತೆಗೆ ಅಭಯ ಕೊಡುವನು. ಬಾಣನು ಅಂತ್ಯವನ್ನು ಮನಸ್ಸಿನಲ್ಲಿಟ್ಟೇ ಈ ಬೀಜಗಳನ್ನು ಬಿತ್ತಿದ್ದಾನೆ. ಮೇಲಾಗಿ ಕಥೆಯ ಹಂದರವು ಗುಣಾಢ್ಯನ ಬೃಹತ್ಕಥೆಯ ಪರಂಪರೆಯದು. ಹನ್ನೊಂದನೆಯ ಶತಮಾನದ ಸೋಮದೇವನ ಕಥಾಸರಿತ್ಸಾಗರದಲ್ಲಿಯೂ ಸುಮನಸರಾಜನ ಮುಂದೆ ಗಿಳಿಯು ಹೇಳುವ ಇಂಥದೇ ಕಥೆಯಿದೆ. ಮಗನು ಪರಕೀಯವಾದುದನ್ನು ತಂದು ಅಂಟಿಸಲಿಲ್ಲ. ತಂದೆಯು ಬಿಟ್ಟ ಗುರುತುಗಳನ್ನು ಹಿಡಿದು ನಡೆದನು.

ಇತ್ತೀಚಿನ ಒಂದು ಆಂಗ್ಲ ದೃಷ್ಟಾಂತವನ್ನು ಇದರೊಡನೆ ಇಟ್ಟು ನೋಡಬಹುದು. ಬಾಲಕರಿಗಾಗಿ ಅದ್ಭುತಕಥೆಗಳನ್ನು ಬರೆದು ಪ್ರಸಿದ್ಧಳಾದ ಡಯಾನಾ ವಿನ್ ಜೋನ್ಸ್ (೧೯೩೪–೨೦೧೧) ಎಂಬ ಲೇಖಕಿಯು ‘ದಿ ಐಲೆಂಡ್ಸ್ ಆಫ್ ಚಾಲ್ಡಿಯಾ’ ಎಂಬ ಕಾದಂಬರಿಯನ್ನು ಮುಗಿಸದೆ ತೀರಿಕೊಂಡಳು. ಅವಳ ತಂಗಿ ಅರ್ಸುಲಾ ಜೋನ್ಸ್ ಅದನ್ನು ಪೂರ್ಣಗೊಳಿಸಲು ೨೦೧೪ರಲ್ಲಿ ಅದು ಪ್ರಕಟವಾಯಿತು. ಅಲ್ಲಿಯೂ ಬರೆದಿಟ್ಟ ಪುಟಗಳೊಳಗಿನ ಸುಳುಹುಗಳೇ ಪೂರಣಕ್ಕೆ ಆಧಾರ. ಭೇದವಿಷ್ಟೆ: ತಂಗಿಯು ಬೆಸುಗೆಯು ಕಾಣದಂತೆ ಅಕ್ಕನ ದನಿಯಲ್ಲಿ ಲೀನಳಾಗಲು ಯತ್ನಿಸಿದಳು, ಬಾಣನ ಮಗನು ಬೆಸುಗೆಯ ಸ್ಥಳದಲ್ಲಿಯೇ ನಿಂತು, ಇಲ್ಲಿಂದ ಮುಂದೆ ತಪ್ಪೊಪ್ಪುಗಳು ತನ್ನವೆಂದು ತಿಳಿಯುವಂತೆ ಮಾಡಿದನು. ಸಂಶೋಧಕನಿಗೆ ಎರಡನೆಯ ಮಾರ್ಗದಿಂದ ಉಪಕಾರ ಹೆಚ್ಚು. ಕಥೆಯನ್ನು ಸವಿಯುವ ಬಾಲಕನಿಗೆ ಮೊದಲನೆಯದೇ ಹಿತವಾದೀತು.

ಆದುದರಿಂದ ಪೂರ್ವಭಾಗವನ್ನು ಮಾತ್ರ ಪಾಠ ಹೇಳಿ, ಉಳಿದುದನ್ನು ಸಾರಾಂಶದಲ್ಲಿ ಮುಗಿಸುವ ಪದ್ಧತಿಯು ವಿಚಾರಾರ್ಹವಾಗಿದೆ. ಹಾಗೆ ಮಾಡಿದರೆ ವಿದ್ಯಾರ್ಥಿಗೆ ಬಾಣನ ವಾಕ್ಯಗಳು ದೊರೆತಾವು, ಬಾಣನ ಕಥೆಯು ದೊರೆಯದು. ಶೈಲಿಯ ಒಡೆತನವು ಬರೆದವನದು. ಕಥೆಯ ಪೂರ್ಣತೆಯ ಪುಣ್ಯದಲ್ಲಿ ಮುಗಿಸಿದವನಿಗೂ ಪಾಲುಂಟು. ಕಾದಂಬರಿಯೆಂಬ ಹೆಸರನ್ನು ಉಚ್ಚರಿಸುವಾಗಲೆಲ್ಲ ನಾವು ತಂದೆಯೊಡನೆ ಮಗನನ್ನೂ, ಅವರನ್ನು ನಮ್ಮ ನುಡಿಗೆ ಕರೆತಂದ ನಾಗವರ್ಮ-ತುರಮರಿಯವರನ್ನೂ ನೆನೆಯುವದು ಉಚಿತವಾದುದು.