ಗಿಟ್‌ಹಬ್‌ನಲ್ಲಿ ಕೋಡ್ ತಿದ್ದಿದರೆ ನಿಮ್ಮ ಮೊಬೈಲ್‌ನ ಆ್ಯಪ್ ಬದಲಾಗುತ್ತದೆಯೇ?

“ಈ ಆ್ಯಪ್‌ನ ಕೋಡ್ ಗಿಟ್‌ಹಬ್‌ನಲ್ಲಿದೆ, ಯಾರು ಬೇಕಾದರೂ ತಿದ್ದಬಹುದು, ಕೂಡಲೇ ಡಿಲೀಟ್ ಮಾಡಿ” ಎಂಬಂಥ ಮಾತು ನಿಮ್ಮ ವಾಟ್ಸ್ಆ್ಯಪ್ ಗುಂಪಿಗೂ ಬಂದಿರಬಹುದು. ಇದರಲ್ಲಿ ಅರ್ಧ ಮಾತ್ರ ನಿಜ.

ಗಿಟ್‌ಹಬ್ ಎಂದರೇನು?

ಆ್ಯಪ್ ಏನು ಮಾಡಬೇಕು ಎಂಬ ಸೂಚನೆಗಳನ್ನು ಬರೆದಿಟ್ಟ ಕಡತಗಳೇ ಕೋಡ್. ಹಲವರು ಕೂಡಿ ಕೋಡ್ ಬರೆಯುವಾಗ ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬ ಲೆಕ್ಕವಿಡಲು ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ‘ಗಿಟ್’ ರೂಪಿಸಿದರು. ಅಂಥ ಕಡತಗಳನ್ನು ಆನ್‌ಲೈನ್‌ನಲ್ಲಿ ಇಡುವ ತಾಣ ಗಿಟ್‌ಹಬ್, 2008ರಲ್ಲಿ ಶುರುವಾಯಿತು. ಕೇಂದ್ರ ಸರ್ಕಾರವು ಆರೋಗ್ಯ ಸೇತು ಆ್ಯಪ್‌ನ ಆಂಡ್ರಾಯ್ಡ್ ಕೋಡನ್ನು 2020ರ ಮೇ 26ರಂದು ಇಲ್ಲಿಯೇ ಸಾರ್ವಜನಿಕಗೊಳಿಸಿತು.

ತಿದ್ದುವುದು ಹೇಗೆ?

ಮಂಡ್ಯ ಜಿಲ್ಲೆಯ ಯಲಿಯೂರಿನ ವಿದ್ಯಾರ್ಥಿನಿಯೊಬ್ಬಳಿಗೆ ಒಂದು ಆ್ಯಪ್‌ನಲ್ಲಿ ತನ್ನೂರಿನ ಹೆಸರು ತಪ್ಪಾಗಿ ಕಂಡಿತು ಎಂದಿಟ್ಟುಕೊಳ್ಳೋಣ. ಕೋಡ್ ತೆರೆದಿದ್ದರೆ ಅವಳು ತನ್ನ ಮೊಬೈಲ್‌ನಿಂದಲೇ ತಿದ್ದಬಹುದು. ಆದರೆ ಅವಳು ತಿದ್ದುವುದು ಮೂಲವನ್ನಲ್ಲ, ತನ್ನ ಖಾತೆಗೆ ಬಂದ ನಕಲನ್ನು. ಇದಕ್ಕೆ ‘ಫೋರ್ಕ್’ ಎನ್ನುತ್ತಾರೆ. ಪಹಣಿಯ ಜೆರಾಕ್ಸ್ ಮೇಲೆ ಪೆನ್ನಿನಲ್ಲಿ ತಿದ್ದಿದರೆ ತಾಲ್ಲೂಕು ಕಚೇರಿಯ ದಾಖಲೆ ಬದಲಾಗುತ್ತದೆಯೇ? ಇದೂ ಹಾಗೆಯೇ.

ನಂತರ ಅವಳು “ಈ ತಿದ್ದುಪಡಿ ಸೇರಿಸಿಕೊಳ್ಳಿ” ಎಂದು ಕೋರಿಕೆ ಸಲ್ಲಿಸಬೇಕು. ಇದು ‘ಪುಲ್ ರಿಕ್ವೆಸ್ಟ್’. ಹಳೆಯ ಸಾಲು ಕೆಂಪಿನಲ್ಲಿ, ಹೊಸ ಸಾಲು ಹಸಿರಿನಲ್ಲಿ ಕಾಣುತ್ತದೆ. ಯೋಜನೆಯನ್ನು ನೋಡಿಕೊಳ್ಳುವವರು ಒಪ್ಪಿದರೆ ಮಾತ್ರ ಅದು ಮೂಲಕ್ಕೆ ಸೇರುತ್ತದೆ. ತಪ್ಪೆಂದು ಆಮೇಲೆ ತಿಳಿದರೆ ಹಿಂದಿನ ರೂಪಕ್ಕೆ ಮರಳಬಹುದು.

ಮೂಲಕ್ಕೆ ಸೇರಿದ ಮಾತ್ರಕ್ಕೆ ನಿಮ್ಮ ಮೊಬೈಲ್‌ನಲ್ಲಿ ಏನೂ ಬದಲಾಗದು. ತಯಾರಕರು ಹೊಸ ಆವೃತ್ತಿ ಸಿದ್ಧಪಡಿಸಿ, ತಮ್ಮ ಡಿಜಿಟಲ್ ಸಹಿ ಹಾಕಿ ಬಿಡುಗಡೆ ಮಾಡಬೇಕು. ಸಹಿ ಹೊಂದದ ಅಪ್‌ಡೇಟನ್ನು ಆಂಡ್ರಾಯ್ಡ್ ತಿರಸ್ಕರಿಸುತ್ತದೆ.

ಹಾಗಾದರೆ ಅಪಾಯವೇ ಇಲ್ಲವೇ?

ಇದೆ. ‘ಎಕ್ಸ್‌ಜಡ್’ ಎಂಬ ತಂತ್ರಾಂಶ ಯೋಜನೆಯಲ್ಲಿ ‘ಜಿಯಾ ಟಾನ್’ ಹೆಸರಿನ ಖಾತೆಯೊಂದು ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿತು. ತಿದ್ದುಪಡಿಗಳನ್ನು ಒಪ್ಪುವ ಅಧಿಕಾರವೂ ಸಿಕ್ಕ ಮೇಲೆ ಕಳ್ಳದಾರಿಯೊಂದನ್ನು ಅಡಗಿಸಿತು. ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದ್ದುದನ್ನು ಗಮನಿಸಿದ ಎಂಜಿನಿಯರ್ ಆಂಡ್ರೆಸ್ ಫ್ರಾಯ್ಂಡ್ ಬೆನ್ನುಹತ್ತಿ, 2024ರ ಮಾರ್ಚ್ 29ರಂದು ಅದನ್ನು ಬಯಲು ಮಾಡಿದರು. ಕಾಯುವವರೇ ಮೋಸ ಮಾಡಿದರೆ ತೆರೆದ ಕೋಡ್‌ಗೂ ಹಾನಿ ತಪ್ಪಿದ್ದಲ್ಲ. ಆದರೆ ಎಲ್ಲರಿಗೂ ಕಾಣುವ ಕಡೆ ಇದ್ದುದರಿಂದಲೇ ಹೊರಗಿನವರೊಬ್ಬರು ಅದನ್ನು ಹುಡುಕಿ ತೆಗೆಯಲು ಸಾಧ್ಯವಾಯಿತು.

ನೀವು ಏನು ಮಾಡಬೇಕು?

ತೆರೆದ ಕೋಡ್ ಯಾರ ಕೈಗೂ ಸಿಗುವುದರಿಂದ, ಅದನ್ನು ನಕಲು ಮಾಡಿ ಅದೇ ಹೆಸರು, ಅದೇ ಚಿತ್ರದ ಬೇರೊಂದು ಆ್ಯಪ್ ಮಾಡುವುದು ಸುಲಭ. ಸಾಮಾನ್ಯ ಬಳಕೆದಾರರು ಹೆಚ್ಚು ಎಚ್ಚರ ವಹಿಸಬೇಕಾದುದು ಇಲ್ಲಿ. ಆದ್ದರಿಂದ ಫಾರ್ವರ್ಡ್ ಆಗಿ ಬಂದ ‘ಎಪಿಕೆ’ ಕಡತವನ್ನು, ಪರಿಚಿತರೇ ಕಳಿಸಿದ್ದರೂ, ಇನ್‌ಸ್ಟಾಲ್ ಮಾಡಬೇಡಿ. ಆ್ಯಪ್ ಬೇಕಿದ್ದರೆ ಪ್ಲೇ ಸ್ಟೋರ್‌ನಲ್ಲಿ ಹುಡುಕಿ, ತಯಾರಕರ ಹೆಸರು ನೋಡಿ ಹಾಕಿಕೊಳ್ಳಿ. ಈಗಾಗಲೇ ಎಪಿಕೆ ಹಾಕಿಕೊಂಡು ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.