ಲಾಗಿನ್ ಪುಟದ ಅರವತ್ತು ವರ್ಷ: ಇಟ್ಟುಕೊಂಡಷ್ಟೂ ಕಳುವಿನ ಭಯ



ಹೊಸ ಪ್ರಾಜೆಕ್ಟ್ ಶುರುವಾದ ಮೊದಲ ವಾರ ಬೋರ್ಡ್ ಮೇಲೆ ಒಂದು ಟಿಕೆಟ್ ಬಂದೇ ಬರುತ್ತೆ: ‘ಲಾಗಿನ್ ಪೇಜ್ ಮಾಡಿ’. ಎರಡು ದಿನದ ಕೆಲಸ ಅಂತ ಎಸ್ಟಿಮೇಟ್ ಹಾಕಿ ಟೀಮಿನ ಹೊಸಬರಿಗೆ ಕೊಟ್ಟುಬಿಡ್ತೀವಿ. ಆಮೇಲೆ ಶುರು ಚರ್ಚೆ. ಪಾಸ್‌ವರ್ಡ್ ನಾವೇ ಇಟ್ಟುಕೊಳ್ಳೋಣವಾ? ಗೂಗಲ್ ಲಾಗಿನ್ ಹಾಕೋಣವಾ? ಒಟಿಪಿ ಸಾಕಾ? ಪಾಸ್‌ಕೀ ಬೇಕಾ? ಇವೆಲ್ಲ ಒಂದೇ ದಿನ ಹುಟ್ಟಿದ ಆಯ್ಕೆಗಳಲ್ಲ. ಒಂದೊಂದರ ಹಿಂದೆಯೂ ಒಂದೊಂದು ಎಡವಟ್ಟು ಇದೆ. ಆ ಕಥೆ ಗೊತ್ತಿದ್ದರೆ ಆಯ್ಕೆ ಅರ್ಧ ಸುಲಭ.

ಮೊದಲು ಎಂಐಟಿಗೆ ಹೋಗೋಣ. ಪುಣೆಯವರು ಗಮನಿಸಿ, ಕೋಥ್ರೂಡ್‌ನದ್ದಲ್ಲ, ಅಮೆರಿಕದ್ದು. 1960ರ ದಶಕದ ಆರಂಭದಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಅವರ ತಂಡ ಅಲ್ಲಿ ಸಿಟಿಎಸ್ಎಸ್ ಅನ್ನೋ ವ್ಯವಸ್ಥೆ ಕಟ್ಟಿದರು. ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಂಡು ಬಳಸುವ ವ್ಯವಸ್ಥೆ ಅದು. ಒಬ್ಬೊಬ್ಬರಿಗೂ ಅವರದೇ ಫೈಲ್‌ಗಳು, ಇಂತಿಷ್ಟೇ ಗಂಟೆ ಅನ್ನೋ ಕೋಟಾ. ಅದಕ್ಕೇ ಪಾಸ್‌ವರ್ಡ್ ಬೇಕಾಯ್ತು. ಎಲ್ಲರ ಪಾಸ್‌ವರ್ಡೂ ಇದ್ದ ಹಾಗೇ ಒಂದು ಫೈಲಿನಲ್ಲಿ.

1962ರಲ್ಲಿ ಆಲನ್ ಶೆರ್ ಅನ್ನೋ ಪಿಎಚ್‌ಡಿ ವಿದ್ಯಾರ್ಥಿಗೆ ತನ್ನ ಕೋಟಾ ಸಾಲಲಿಲ್ಲ. ಪಂಚ್ ಕಾರ್ಡ್ ಮೂಲಕ ಫೈಲ್ ಪ್ರಿಂಟ್ ಮಾಡಿಸೋ ಸೌಲಭ್ಯ ಇತ್ತಲ್ಲ, ಅದರಲ್ಲಿ ಪಾಸ್‌ವರ್ಡ್ ಫೈಲನ್ನೇ ಪ್ರಿಂಟ್ ಮಾಡಿಸಿಕೊಂಡ! ಇದನ್ನು ಅವನೇ ಒಪ್ಪಿಕೊಂಡಿದ್ದು ಸುಮಾರು 25 ವರ್ಷ ಆದ ಮೇಲೆ.

1966ರಲ್ಲಿ ಇನ್ನೊಂದು. ಆವತ್ತು ಯಾರು ಲಾಗಿನ್ ಆದರೂ ಪರದೆಯಲ್ಲಿ ದಿನದ ಸಂದೇಶದ ಬದಲು ಎಲ್ಲರ ಪಾಸ್‌ವರ್ಡ್ ಪಟ್ಟಿ! ಏನಾಗಿತ್ತು ಅಂದ್ರೆ, ಎಡಿಟರ್ ಪ್ರೋಗ್ರಾಂ ಬಳಸುತ್ತಿದ್ದ ತಾತ್ಕಾಲಿಕ ಫೈಲಿಗೆ ಯಾವಾಗಲೂ ಒಂದೇ ಹೆಸರು. ಇಬ್ಬರು ನಿರ್ವಾಹಕರು ಒಂದೇ ಹೊತ್ತಿಗೆ, ಒಬ್ಬರು ಸಂದೇಶವನ್ನೂ ಇನ್ನೊಬ್ಬರು ಪಾಸ್‌ವರ್ಡ್ ಫೈಲನ್ನೂ ತಿದ್ದುತ್ತಿದ್ದರು. ಎರಡೂ ಅದಲುಬದಲಾದವು. ನಾವು ಇವತ್ತೂ ರಾತ್ರಿ ಕೂತು ಡಿಬಗ್ ಮಾಡೋ ರೇಸ್ ಕಂಡಿಷನ್ ಇದೇ. ಕಳ್ಳನೇ ಇರಲಿಲ್ಲ ನೋಡಿ, ಆದರೂ ಗುಟ್ಟು ರಟ್ಟಾಯ್ತು.

ಸರಿ, ಗುಟ್ಟನ್ನು ಇದ್ದ ಹಾಗೇ ಇಡಬಾರದು. ಬೆಲ್ ಲ್ಯಾಬ್ಸ್‌ನ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಯೂನಿಕ್ಸ್‌ನಲ್ಲಿ ಇದಕ್ಕೆ ದಾರಿ ಮಾಡಿ, 1979ರಲ್ಲಿ ಪ್ರಬಂಧ ಬರೆದರು. ಪಾಸ್‌ವರ್ಡ್ ಬದಲು ಅದರ ಹ್ಯಾಶ್ ಇಡಿ. ಒಬ್ಬೊಬ್ಬರ ಪಾಸ್‌ವರ್ಡಿಗೂ ಬೇರೆ ಬೇರೆ ಸಾಲ್ಟ್ ಬೆರೆಸಿ, ಇಬ್ಬರ ಪಾಸ್‌ವರ್ಡ್ ಒಂದೇ ಆಗಿದ್ದರೂ ಹ್ಯಾಶ್ ಒಂದೇ ಕಾಣಬಾರದು. ಲೆಕ್ಕವನ್ನು ಬೇಕಂತಲೇ ನಿಧಾನ ಮಾಡಿ, ಊಹೆ ಮಾಡುವವನು ಸುಸ್ತಾಗಬೇಕು. ಅವರು 3,289 ಪಾಸ್‌ವರ್ಡ್ ಪರೀಕ್ಷಿಸಿದಾಗ ಶೇ. 86ರಷ್ಟು ತೀರಾ ಚಿಕ್ಕವು ಅಥವಾ ಸುಲಭವಾಗಿ ಊಹಿಸಬಹುದಾದವು.

1988ರ ನವೆಂಬರ್‌ನಲ್ಲಿ ಇಂಟರ್ನೆಟ್‌ನ ಸಾವಿರಾರು ಯಂತ್ರಗಳನ್ನು ಒಂದು ವರ್ಮ್ ಹಿಡಿದುಕೊಂಡಿತು. ಅದರೊಳಗೆ ಊಹಿಸಿ ನೋಡಲು 432 ಪದಗಳ ಪಟ್ಟಿ ಇತ್ತು. ಬರೆದವನು ರಾಬರ್ಟ್ ಟಪ್ಪನ್ ಮಾರಿಸ್, ಆ ಪ್ರಬಂಧ ಬರೆದ ಮಾರಿಸ್ ಅವರ ಮಗ! ಅಪ್ಪ ಎಚ್ಚರಿಸಿದ್ದನ್ನು ಮಗ ಮಾಡಿ ತೋರಿಸಿದ.

ಮುಂದೆ ವೆಬ್ ಬಂತು. ಎಚ್‌ಟಿಟಿಪಿಗೆ ನೆನಪಿನ ಶಕ್ತಿ ಇಲ್ಲ, ಪ್ರತಿ ಕ್ಲಿಕ್ಕಿಗೂ ನೀವು ಹೊಸಬರೇ. 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮೊಂಟುಲಿ ಕುಕೀ ತಂದರು. ಆಮೇಲೆ ಲಾಗಿನ್ ಅನ್ನೋದು ಒಮ್ಮೆ ಪಾಸ್‌ವರ್ಡ್ ತೋರಿಸಿ ಚೀಟಿ ಪಡೆಯೋ ಕೆಲಸ ಆಯ್ತು. ಚೀಟಿ ಕದ್ದವನಿಗೆ ಪಾಸ್‌ವರ್ಡ್ ಯಾಕೆ? 2010ರಲ್ಲಿ ಫೈರ್‌ಶೀಪ್ ಅನ್ನೋ ಬ್ರೌಸರ್ ಎಕ್ಸ್‌ಟೆನ್ಷನ್, ಬೀಗವಿಲ್ಲದ ವೈಫೈನಲ್ಲಿ ಪಕ್ಕದವರ ಕುಕೀ ಕದಿಯೋದು ಎಷ್ಟು ಸುಲಭ ಅಂತ ತೋರಿಸಿತು. ಲಾಗಿನ್ ಪುಟಕ್ಕೆ ಮಾತ್ರ ಎಚ್‌ಟಿಟಿಪಿಎಸ್ ಹಾಕಿದರೆ ಸಾಲದು ಅನ್ನೋದು ಎಲ್ಲರಿಗೂ ಅರ್ಥವಾಯ್ತು.

ಅಷ್ಟರಲ್ಲಿ 1979ರ ಪಾಠ ನಮ್ಮವರು ಕಲಿತಿದ್ದರಾ? 2009ರಲ್ಲಿ ರಾಕ್‌ಯೂ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡ್ ಸೋರಿಕೆ ಆದವು, ಹ್ಯಾಶ್ ಕೂಡ ಮಾಡಿರಲಿಲ್ಲ. 2012ರಲ್ಲಿ ಲಿಂಕ್ಡ್‌ಇನ್‌ನಿಂದ ಸುಮಾರು 65 ಲಕ್ಷ ಹ್ಯಾಶ್ ಹೊರಬಿದ್ದವು, ಸಾಲ್ಟ್ ಇರಲಿಲ್ಲ. ಬಿಕ್ರಿಪ್ಟ್ 1999ರಲ್ಲೇ ಬಂದಿತ್ತು, ಯಂತ್ರಗಳು ವೇಗವಾದಂತೆ ಲೆಕ್ಕವನ್ನೂ ನಿಧಾನ ಮಾಡುತ್ತಾ ಹೋಗೋಕೆ ಅದರಲ್ಲಿ ಅವಕಾಶ ಇತ್ತು. ಇಲ್ಲಿ ನಷ್ಟ ಯಾರಿಗೆ? ಜನ ಒಂದೇ ಪಾಸ್‌ವರ್ಡನ್ನು ಹತ್ತು ಕಡೆ ಬಳಸ್ತಾರೆ. ನಮ್ಮ ಚಿಕ್ಕ ಆಪ್ ಸೋರಿದರೆ ಕಳ್ಳನ ಕೈಗೆ ಸಿಗೋದು ಅವರ ಮೇಲ್‌ಬಾಕ್ಸ್.

ಹಾಗಾದ್ರೆ ಗುಟ್ಟು ಕಾಯೋ ಕೆಲಸವನ್ನೇ ಬೇರೆಯವರಿಗೆ ಬಿಟ್ಟರೆ? 2005ರಲ್ಲಿ ಬ್ರ್ಯಾಡ್ ಫಿಟ್ಜ್‌ಪ್ಯಾಟ್ರಿಕ್ ಓಪನ್‌ಐಡಿ ತಂದರು, ಒಂದು ಗುರುತಿನಿಂದ ಹಲವು ಸೈಟುಗಳಿಗೆ ಪ್ರವೇಶ. 2007ರಲ್ಲಿ ಓಆತ್ ಬಂತು. ಅದು ಬೇರೆ ಸಮಸ್ಯೆಗೆ ಉತ್ತರ. ನಾವು ಊರಿಗೆ ಹೋಗುವಾಗ ಗಿಡಕ್ಕೆ ನೀರು ಹಾಕಿ ಅಂತ ಪಕ್ಕದ ಫ್ಲ್ಯಾಟಿನವರಿಗೆ ಇಡೀ ಮನೆಯ ಕೀ ಕೊಟ್ಟು ಹೋಗ್ತೀವಲ್ಲ, ಹಾಗೆ ಆಗಿನ ಸೈಟುಗಳು ಕಾಂಟ್ಯಾಕ್ಟ್ ಪಟ್ಟಿ ಬೇಕು ಅಂತ ನಮ್ಮ ಮೇಲ್ ಪಾಸ್‌ವರ್ಡನ್ನೇ ಕೇಳುತ್ತಿದ್ದವು. ಓಆತ್ ಕೊಡೋದು ಬಾಲ್ಕನಿ ಕೀ ಮಾತ್ರ, ಅದೂ ಬೇಕಾದಾಗ ವಾಪಸ್ ತಗೋಬಹುದು. ಆದರೆ ಬಾಲ್ಕನಿ ಕೀ ಕೈಲಿದ್ದವನು ಮನೆಯ ಯಜಮಾನ ಅಂತ ಅರ್ಥ ಅಲ್ಲ. ಬರೀ ಓಆತ್ ಟೋಕನ್ ನೋಡಿ ‘ಇವರೇ ಯೂಸರ್’ ಅಂತ ನಂಬಿದ ಆಪ್‌ಗಳು ಮೋಸ ಹೋದವು. ಗುರುತು ಹೇಳೋ ಪದರ ಸೇರಿಸಿ 2014ರಲ್ಲಿ ಓಪನ್‌ಐಡಿ ಕನೆಕ್ಟ್ ಬಂತು. ಇವತ್ತಿನ ಗೂಗಲ್ ಲಾಗಿನ್ ಬಟನ್ ಹಿಂದೆ ಇರೋದು ಅದೇ.

ನಮ್ಮ ದೇಶದ ಅಭ್ಯಾಸ ಮಾತ್ರ ಒಟಿಪಿ. 2009ರ ಆಗಸ್ಟ್‌ನಿಂದ ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೇ ಹಂತದ ದೃಢೀಕರಣ ಬೇಕೇ ಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಮಾಡಿತು. ಎಸ್ಎಂಎಸ್‌ನಲ್ಲಿ ಬರೋ ಸಂಖ್ಯೆ ನಮಗೆಲ್ಲ ಅಭ್ಯಾಸವಾಯ್ತು, ಕ್ರಮೇಣ ಅದೇ ಲಾಗಿನ್ ಕೂಡ ಆಯ್ತು. ಪಾಸ್‌ವರ್ಡ್ ನೆನಪಿಡಲಾಗದ ಅಮ್ಮ-ಅಪ್ಪನಿಗೆ ಇದು ನಿಜವಾಗಿಯೂ ಅನುಕೂಲ. ಆದರೆ ಈಗ ಗುರುತು ಅಂದ್ರೆ ಸಿಮ್. ಹೈದರಾಬಾದಿಗೆ ಬಂದು ಹೊಸ ನಂಬರ್ ತಗೊಂಡು, ಊರಿನ ಸಿಮ್ ರೀಚಾರ್ಜ್ ಮಾಡದೆ ಬಿಟ್ಟವರು ನಮ್ಮಲ್ಲೇ ಎಷ್ಟು ಜನ ಇಲ್ಲ? ಆ ನಂಬರ್ ಕೆಲವು ತಿಂಗಳಲ್ಲಿ ಬೇರೆಯವರ ಪಾಲಾಗುತ್ತೆ, ಅದರ ಜೊತೆ ನಿಮ್ಮ ಒಟಿಪಿಯೂ. ಸಿಮ್ ಸ್ವಾಪ್ ಮೋಸ ಬೇರೆ ಇದೆ. ಅಮೆರಿಕದ ನಿಸ್ಟ್ ಸಂಸ್ಥೆ 2017ರಲ್ಲೇ ಎಸ್ಎಂಎಸ್ ಒಟಿಪಿಯನ್ನು ನಿರ್ಬಂಧಿತ ವಿಧಾನಗಳ ಸಾಲಿಗೆ ಸೇರಿಸಿತು.

ಕೊನೆಯದು ಪಾಸ್‌ಕೀ. ಅದರ ಮೂಲವಾದ ಪಬ್ಲಿಕ್ ಕೀ ಕಲ್ಪನೆಯನ್ನು ಡಿಫಿ ಮತ್ತು ಹೆಲ್‌ಮನ್ ಪ್ರಕಟಿಸಿದ್ದು 1976ರಲ್ಲಿ. ವೆಬ್‌ಆತ್‌ಎನ್ ಅನ್ನೋ ವೆಬ್ ಮಾನದಂಡ ಆಗಿ ಬರಲು 2019 ಆಯ್ತು, 2022ರಲ್ಲಿ ಆಪಲ್, ಗೂಗಲ್, ಮೈಕ್ರೋಸಾಫ್ಟ್ ಮೂರೂ ಬೆಂಬಲ ಹೇಳಿದವು. ಇದರಲ್ಲಿ ಗುಟ್ಟು ನಮ್ಮ ಸರ್ವರ್‌ಗೆ ಬರೋದೇ ಇಲ್ಲ. ನಮ್ಮ ಹತ್ತಿರ ಇರೋದು ಪಬ್ಲಿಕ್ ಕೀ ಮಾತ್ರ, ಅದನ್ನು ಕದ್ದರೂ ಲಾಗಿನ್ ಆಗೋಕೆ ಬರಲ್ಲ. ಆಲನ್ ಶೆರ್ ಇವತ್ತು ಆ ಟೇಬಲ್ ಪ್ರಿಂಟ್ ಮಾಡಿಸಿಕೊಂಡರೆ ಕಾಗದ ಮಾತ್ರ ದಂಡ.

ಅರವತ್ತು ವರ್ಷದಲ್ಲಿ ನಾವು ಕಲಿತಿದ್ದು ಇಷ್ಟೇ: ಬೇರೆಯವರ ಗುಟ್ಟನ್ನು ಆದಷ್ಟು ಕಡಿಮೆ ಇಟ್ಟುಕೋ. ಆಫೀಸಿನ ಒಳಗಿನ ಆಪ್ ಆದರೆ ಕಂಪನಿಯ ಎಸ್ಎಸ್ಒ ಬಳಸಿ. ಸಾರ್ವಜನಿಕ ಆಪ್ ಆದರೆ ಪಾಸ್‌ಕೀ ಅಥವಾ ಓಪನ್‌ಐಡಿ ಕನೆಕ್ಟ್ ಮೊದಲು ನೋಡಿ. ಆದರೆ ಗೂಗಲ್ ಖಾತೆ ಮುಚ್ಚಿಹೋದವರು ಒಳಗೆ ಬರೋದು ಹೇಗೆ ಅಂತಲೂ ಯೋಚಿಸಿ. ಪಾಸ್‌ವರ್ಡ್ ಇಡಲೇಬೇಕು ಅಂದ್ರೆ ಹ್ಯಾಶ್ ಕೋಡ್ ನೀವೇ ಬರೆಯಬೇಡಿ, ಬಿಕ್ರಿಪ್ಟ್ ಅಥವಾ ಆರ್ಗಾನ್2ರ ಒಳ್ಳೆ ಲೈಬ್ರರಿ ತಗೊಳ್ಳಿ. ‘ಫರ್ಗಾಟ್ ಪಾಸ್‌ವರ್ಡ್’ ದಾರಿಯನ್ನು ಲಾಗಿನ್ನಷ್ಟೇ ಗಟ್ಟಿ ಮಾಡಿ, ಯಾಕಂದ್ರೆ ಅದೂ ಒಂದು ಬಾಗಿಲೇ.

ಮುಂದಿನ ಮೀಟಿಂಗಿನಲ್ಲಿ ಆ ಟಿಕೆಟ್ ಬಂದಾಗ ಒಂದೇ ಪ್ರಶ್ನೆ ಕೇಳಿ: ನಾಳೆ ಈ ಟೇಬಲ್ ಪೂರ್ತಿ ಹೊರಗೆ ಬಿದ್ದರೆ, ನಮ್ಮನ್ನು ನಂಬಿದವರಿಗೆ ಏನಾಗುತ್ತೆ? ಉತ್ತರ ಹೇಳೋಕೆ ಮುಜುಗರ ಆದರೆ, ಎರಡು ದಿನದ ಎಸ್ಟಿಮೇಟ್ ಬದಲಾಯಿಸಿ.